ಬ್ರೇಕ್ ಆಯಿಲ್‌ಗೆ ಕಿಲೋಮೀಟರ್ ಲೆಕ್ಕ ಸಾಲದು

ಘಟ್ಟ ಇಳಿಯುವಾಗ ಬ್ರೇಕ್ ಕೈಕೊಡುವುದರಲ್ಲಿ ಎರಡು ಬಗೆ. ಒಂದರಲ್ಲಿ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ತುಳಿದರೂ ಗಾಡಿ ನಿಲ್ಲುವುದಿಲ್ಲ. ಅದು ಕಾದು ಹಿಡಿತ ಕಳೆದುಕೊಂಡ ಪ್ಯಾಡ್‌ಗಳ ಸಮಸ್ಯೆ. ಇನ್ನೊಂದರಲ್ಲಿ ಪೆಡಲ್ ಮೆತ್ತಗಾಗಿ, ತುಳಿದ ಕಾಲಿನ ಜೊತೆಗೇ ಕೆಳಗೆ ಹೋಗಿಬಿಡುತ್ತದೆ. ಪೈಪ್ ಒಡೆದಿಲ್ಲ, ಲೀಕ್ ಇಲ್ಲ ಎಂದಾದರೆ ಬ್ರೇಕ್ ಆಯಿಲ್ ಕುದಿದಿದೆ ಎಂದೇ ಅನುಮಾನಿಸಬೇಕು. ಗಾಡಿ ಬದಿಗೆ ಹಾಕಿ ತಣಿಯಲು ಬಿಟ್ಟರೆ ಆವಿ ಮತ್ತೆ ದ್ರವವಾಗಿ ಪೆಡಲ್ ಹೆಚ್ಚುಕಡಿಮೆ ಮೊದಲಿನಂತಾಗುತ್ತದೆ. ಗ್ಯಾರೇಜಿನಲ್ಲಿ ನೋಡಿದರೆ ಆಯಿಲ್ ಮಟ್ಟ ಸರಿ, ಪ್ಯಾಡ್ ಸರಿ. 'ಏನೂ ಆಗಿಲ್ಲ ಸಾರ್' ಎಂದು ವಾಪಸ್ ಕಳಿಸುತ್ತಾರೆ. ಆಯಿಲ್ ಎಷ್ಟು ಹಳೆಯದು ಎಂದು ಮಾತ್ರ ಯಾರೂ ಕೇಳಿರುವುದಿಲ್ಲ.

ಕುದಿದರೆ ಬ್ರೇಕ್ ಏಕೆ ಹಿಡಿಯುವುದಿಲ್ಲ? ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರ್ ತಳ್ಳುವ ದ್ರವ, ಅಂದರೆ ಬ್ರೇಕ್ ಆಯಿಲ್, ತೀರಾ ಸ್ವಲ್ಪ. ಡಿಸ್ಕ್ ಬ್ರೇಕಿನಲ್ಲಿ ಪ್ಯಾಡ್ ಹಿಡಿದಿರುವ ಭಾಗವಾದ ಕ್ಯಾಲಿಪರ್ ಒಳಗಿನ ಪಿಸ್ಟನ್ ಚಲಿಸುವುದು ಮಿಲಿಮೀಟರಿನ ಒಂದು ಭಾಗದಷ್ಟೇ. ದ್ರವವನ್ನು ಅದುಮಿ ಕುಗ್ಗಿಸಲು ಆಗುವುದಿಲ್ಲವಾದ್ದರಿಂದ ಒತ್ತಡ ನೇರವಾಗಿ ಚಕ್ರಕ್ಕೆ ತಲುಪುತ್ತದೆ. ಆವಿ ಹಾಗಲ್ಲ, ಅದುಮಿದರೆ ಕುಗ್ಗುತ್ತದೆ. ಕೆಲವೇ ಮಿಲಿಲೀಟರ್ ಆವಿ ಪೆಡಲಿನ ಇಡೀ ಓಟವನ್ನು ನುಂಗಬಲ್ಲದು. ಇನ್ನೊಂದು ಸೂಕ್ಷ್ಮವಿದೆ. ಪೆಡಲ್ ತುಳಿದಿರುವಾಗ ಒಳಗಿನ ಒತ್ತಡ ಹೆಚ್ಚಿದ್ದು ಕುದಿಬಿಂದುವೂ ಮೇಲೇರಿರುತ್ತದೆ. ಕಾಲು ತೆಗೆದ ಕೂಡಲೇ ಒತ್ತಡ ಇಳಿದು ಗುಳ್ಳೆ ಏಳುತ್ತದೆ. ಹಾಗಾಗಿ ಒಂದು ತಿರುವಿನಲ್ಲಿ ಚೆನ್ನಾಗಿಯೇ ಹಿಡಿದ ಬ್ರೇಕ್ ಮುಂದಿನ ತಿರುವಿನಲ್ಲಿ ಇರದೇ ಹೋಗಬಹುದು.

ಶಾಖದ ಲೆಕ್ಕ ಹಾಕಿ ನೋಡಿ. ಜನ, ಸಾಮಾನು ಸೇರಿ 1,200 ಕೆ.ಜಿ. ತೂಗುವ ಕಾರು 500 ಮೀಟರ್ ಎತ್ತರ ಇಳಿದರೆ ಸುಮಾರು 59 ಲಕ್ಷ ಜೂಲ್ ಶಕ್ತಿ ಎಲ್ಲಾದರೂ ಖರ್ಚಾಗಬೇಕು. 18 ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಬಿಂದುವಿಗೆ ಒಯ್ಯಲು ಅಷ್ಟು ಸಾಕು. ಎರಡನೇ ಅಥವಾ ಮೂರನೇ ಗೇರಿನಲ್ಲಿ ಇಳಿದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ ಹೊರುತ್ತದೆ. ಪೆಟ್ರೋಲ್ ಉಳಿಸುವ ಆಸೆಗೆ ನ್ಯೂಟ್ರಲ್‌ನಲ್ಲಿ ಬಿಟ್ಟರೆ, ಗಾಳಿಯ ತಡೆ ಮತ್ತು ಟಯರಿನ ಘರ್ಷಣೆ ಕಳೆದು ಉಳಿದಿದ್ದೆಲ್ಲ ಬ್ರೇಕಿನ ತಲೆಗೇ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಇದು ಕೆಟ್ಟ ಉಳಿತಾಯ. ಇಳಿದು ಮುಗಿದ ಕೂಡಲೇ ಚಹಾಕ್ಕೆಂದು ನಿಲ್ಲಿಸುವುದೂ ಬ್ರೇಕಿಗೆ ಒಳ್ಳೆಯದಲ್ಲ. ಓಡುವಾಗ ಬೀಸುತ್ತಿದ್ದ ಗಾಳಿ ನಿಂತು, ಡಿಸ್ಕಿನ ಬಿಸಿ ಕ್ಯಾಲಿಪರ್‌ಗೂ ಅದರೊಳಗಿನ ದ್ರವಕ್ಕೂ ಹತ್ತುತ್ತದೆ. ಕೆಳಗೆ ಸಮತಟ್ಟಿನಲ್ಲಿ ಎರಡು-ಮೂರು ಕಿಲೋಮೀಟರ್ ನಿಧಾನವಾಗಿ ಓಡಿಸಿ ನಿಲ್ಲಿಸುವುದು ಮೇಲು.

ಹೊಸ ದ್ರವವಾದರೆ ಇಷ್ಟು ಬಿಸಿಗೆ ಸುಲಭವಾಗಿ ಕುದಿಯದು. ನಮ್ಮ ಕಾರುಗಳಲ್ಲಿ ಇರುವುದು ಬಹುತೇಕ ಗ್ಲೈಕಾಲ್ ಈಥರ್ ಆಧಾರಿತ ಡಾಟ್ 3 ಅಥವಾ ಡಾಟ್ 4. ಅಮೆರಿಕದ ಸಾರಿಗೆ ಇಲಾಖೆಯ ಮಾನದಂಡದಂತೆ ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತಡೆಯಬೇಕು, ಡಾಟ್ 4 ಆದರೆ 230. ಸುಮಾರು 3.7 ಶೇಕಡಾ ನೀರು ಸೇರಿದಾಗ ಈ ಮಿತಿ ಕ್ರಮವಾಗಿ 140 ಮತ್ತು 155ಕ್ಕೆ ಇಳಿಯುತ್ತದೆ. ನೂರರಲ್ಲಿ ನಾಲ್ಕು ಪಾಲೂ ಇಲ್ಲದ ನೀರು 65-75 ಡಿಗ್ರಿಯನ್ನು ತಿಂದುಹಾಕಿತು. ಇಳಿತವೂ ಒಂದೇ ಸಮ ಅಲ್ಲ, ಮೊದಲ ಒಂದೆರಡು ಶೇಕಡಾ ನೀರಿಗೇ ಅತಿ ಹೆಚ್ಚು. ಡಾಟ್ 4ರಲ್ಲಿ ಬೋರೇಟ್ ಎಸ್ಟರ್ ಇರುತ್ತದೆ. ಅದು ನೀರಿನೊಂದಿಗೆ ರಾಸಾಯನಿಕವಾಗಿ ಕೂಡಿಕೊಂಡು ಆರಂಭದ ಹೊಡೆತವನ್ನು ತಡೆಯುತ್ತದೆ, ಆದರೆ ಹಾಗೆ ತಡೆಯುತ್ತಲೇ ತಾನೂ ಖರ್ಚಾಗುತ್ತದೆ.

ಮುಚ್ಚಿದ ವ್ಯವಸ್ಥೆಗೆ ನೀರು ಬರುವುದಾದರೂ ಎಲ್ಲಿಂದ? ಮಳೆಗಾಲದಲ್ಲಿ ಡಬ್ಬಿಯೊಳಗಿನ ಉಪ್ಪು ಪಸೆಯಾಗುವಂತೆ ಗ್ಲೈಕಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಚಕ್ರದ ಬಳಿಯ ರಬ್ಬರ್ ಹೋಸ್‌ಗಳ ಗೋಡೆಯ ಮೂಲಕವೂ, ಆಯಿಲ್ ತುಂಬುವ ರಿಸರ್ವಾಯರ್ ಡಬ್ಬಿಯ ಮುಚ್ಚಳದ ಗಾಳಿಕಿಂಡಿಯಿಂದಲೂ ತೇವ ಒಳಗಿಳಿಯುತ್ತದೆ. ಇದು ಕಾರು ಓಡಿದರೂ ನಡೆಯುತ್ತದೆ, ಶೆಡ್ಡಿನಲ್ಲಿ ನಿಂತಿದ್ದರೂ ನಡೆಯುತ್ತದೆ. 'ವರ್ಷಕ್ಕೆ ಮೂರು ಸಾವಿರ ಕಿಲೋಮೀಟರೂ ಓಡಿಲ್ಲ, ಈಗಲೇ ಆಯಿಲ್ ಬದಲಿಸುವುದು ಯಾಕೆ?' ಎನ್ನುವ ವಾದ ಎಂಜಿನ್ ಆಯಿಲ್ ವಿಷಯದಲ್ಲೇ ಅರ್ಧ ಸರಿ, ಇಲ್ಲಂತೂ ಪೂರ್ತಿ ತಪ್ಪು. ಹಲವು ಕಂಪನಿಗಳು ಎರಡು ವರ್ಷ, ಕೆಲವು ಮೂರು ವರ್ಷ ಎನ್ನುತ್ತವೆ. ಕಾರಿನ ಮ್ಯಾನ್ಯುಯಲ್‌ನಲ್ಲಿ ಇರುವುದೇ ಅಂತಿಮ. ಮಂಗಳೂರು, ಕಾರವಾರದಂಥ ಕರಾವಳಿಯವರು ಮತ್ತು ಘಟ್ಟದ ದಾರಿಯಲ್ಲಿ ಪದೇಪದೇ ಓಡಾಡುವವರು ಎರಡು ವರ್ಷ ದಾಟಿಸದಿರುವುದು ಕ್ಷೇಮ.

ನೀರು ಹೀರದ ದ್ರವವನ್ನೇ ಹಾಕಬಾರದೇಕೆ? ಅದೂ ಇದೆ, ಸಿಲಿಕೋನ್‌ನ ಡಾಟ್ 5. ಅದರೊಳಗೆ ಹೇಗೋ ಸೇರಿದ ನೀರು ಕರಗುವುದಿಲ್ಲ, ಹನಿಯಾಗಿ ತಗ್ಗಿನ ಜಾಗದಲ್ಲಿ, ಅಂದರೆ ಅತಿ ಬಿಸಿಯಾಗುವ ಕ್ಯಾಲಿಪರ್‌ನಲ್ಲೇ, ನಿಲ್ಲುತ್ತದೆ. ಅಲ್ಲಿ ಅದು 100 ಡಿಗ್ರಿಗೇ ಕುದಿಯುತ್ತದೆ, ತುಕ್ಕನ್ನೂ ಹಿಡಿಸುತ್ತದೆ. ನೀರನ್ನು ತನ್ನೊಳಗೆ ಹಂಚಿಕೊಳ್ಳುವ ಗ್ಲೈಕಾಲ್ ಗುಣ ಆ ಮಟ್ಟಿಗೆ ಉಪಕಾರವೇ. ಡಾಟ್ 5ನ್ನು ಉಳಿದವುಗಳ ಜೊತೆ ಬೆರೆಸಲೇಬಾರದು. ಹೆಸರು ಹತ್ತಿರವಿದ್ದರೂ ಡಾಟ್ 5.1 ಬೇರೆ, ಅದು ಗ್ಲೈಕಾಲ್ ಕುಟುಂಬದ್ದೇ.

ಕುದಿಯುವುದು ಒಂದು ಭಯವಾದರೆ ತುಕ್ಕು ಇನ್ನೊಂದು. ದ್ರವದಲ್ಲಿ ಬೆರೆಸಿದ ತುಕ್ಕುನಿರೋಧಕಗಳು ಕಾಲಕ್ರಮೇಣ ಮುಗಿಯುತ್ತವೆ. ಆಮೇಲೆ ಕ್ಯಾಲಿಪರ್ ಪಿಸ್ಟನ್ ಜಾಮ್ ಆಗುವುದು, ಸೀಲ್ ಸವೆಯುವುದು ಶುರು. 2019ರ ಏಪ್ರಿಲ್‌ನಿಂದ ಭಾರತದ ಹೊಸ ಕಾರುಗಳಿಗೆ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ. ಅದರಲ್ಲಿ ಒತ್ತಡ ಹೊಂದಿಸುವ ಮಾಡ್ಯುಲೇಟರ್‌ನ ಸಣ್ಣ ವಾಲ್ವ್‌ಗಳಲ್ಲಿ ತುಕ್ಕಿನ ಪುಡಿ ಕೂತರೆ ಇಡೀ ಘಟಕವನ್ನೇ ಬದಲಿಸಬೇಕಾಗಬಹುದು. ಅದರ ಬೆಲೆಯ ಮುಂದೆ ಒಂದು ಲೀಟರ್ ಆಯಿಲ್ ಲೆಕ್ಕಕ್ಕೇ ಬಾರದು.

ಬಣ್ಣ ನೋಡಿ ತೀರ್ಮಾನಿಸಬೇಡಿ. ಕಪ್ಪಾಗಿದ್ದರೆ ಬದಲಿಸುವುದು ಸರಿಯೇ, ಆದರೆ ತಿಳಿಯಾಗಿರುವುದರಲ್ಲೂ ಸಾಕಷ್ಟು ನೀರಿರಬಹುದು. ಪೆನ್ನಿನಂಥ ಅಗ್ಗದ ಟೆಸ್ಟರ್ ದ್ರವದ ವಿದ್ಯುತ್ ವಾಹಕತೆ ಅಳೆದು ದೀಪ ಹಚ್ಚುತ್ತದೆ. ವಾಹಕತೆ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬೇರೆಯಾಗುವುದರಿಂದ ಅದು ಅಂದಾಜು ಮಾತ್ರ. ಸ್ಯಾಂಪಲ್ಲನ್ನು ನಿಜಕ್ಕೂ ಕುದಿಸಿ ನೋಡುವ ಯಂತ್ರವೇ ಭರವಸೆಯದು.

ಈಗ ಬದಲಾವಣೆಯ ಕೆಲಸ. ರಿಸರ್ವಾಯರಿನಲ್ಲಿರುವುದನ್ನು ಸಿರಿಂಜಿನಿಂದ ತೆಗೆದು ಹೊಸದು ತುಂಬಿ 'ಆಯಿತು' ಎನ್ನುವವರಿದ್ದಾರೆ. ಕುದಿಯುವ ದ್ರವ ಕ್ಯಾಲಿಪರ್‌ನಲ್ಲಿ ಹಾಗೇ ಉಳಿಯುವುದರಿಂದ ಅದು ಕೆಲಸವೇ ಅಲ್ಲ. ರಿಸರ್ವಾಯರ್ ಮುಚ್ಚಳದ ಮೇಲೆ ಬರೆದ ದರ್ಜೆಯದೇ, ಸೀಲ್ ಒಡೆಯದ ಒಂದು ಲೀಟರ್ ಡಬ್ಬಿ ಸಾಮಾನ್ಯ ಕಾರಿಗೆ ಸಾಕು. ಕಾರನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ಕೂರಿಸಿ. ಹಳೆಯದನ್ನು ಸಿರಿಂಜಿನಿಂದ ಆದಷ್ಟು ತೆಗೆದು ಹೊಸದನ್ನು ಮ್ಯಾಕ್ಸ್ ಗೆರೆಯವರೆಗೆ ಹಾಕಿ. ಆಮೇಲೆ ಒಂದೊಂದೇ ಚಕ್ರದ ಬಳಿ ಹಳೆಯದನ್ನು ಹೊರಬಿಡಬೇಕು, ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರ ಮೊದಲು ಎನ್ನುವುದು ರೂಢಿ. ಬಲಗಡೆ ಸ್ಟೀರಿಂಗ್ ಇರುವ ನಮ್ಮ ಕಾರುಗಳಲ್ಲಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಕೆಲವು ಮಾಡೆಲ್‌ಗಳಿಗೆ ಬೇರೆ ಕ್ರಮವಿದೆ, ಮೊದಲೇ ನೋಡಿಕೊಳ್ಳಿ.

ಚಕ್ರದ ಬಳಿ ದ್ರವ ಹೊರಬಿಡಲೆಂದೇ ಇರುವ ಬ್ಲೀಡರ್ ನಿಪ್ಪಲ್‌ಗೆ ರಿಂಗ್ ಸ್ಪ್ಯಾನರ್ ಹಾಕಿ, ಸಾಮಾನ್ಯವಾಗಿ 8 ಅಥವಾ 10 ನಂಬರಿನದು. ಓಪನ್ ಸ್ಪ್ಯಾನರ್ ಹಾಕಿದರೆ ನಿಪ್ಪಲ್ಲಿನ ಮೂಲೆ ಸವೆದು ಹೋಗುತ್ತದೆ. ಪಾರದರ್ಶಕ ಪೈಪಿನ ಒಂದು ತುದಿ ನಿಪ್ಪಲ್‌ಗೆ, ಇನ್ನೊಂದು ಸ್ವಲ್ಪ ಆಯಿಲ್ ಇರುವ ಬಾಟಲಿಯೊಳಗೆ ಮುಳುಗಿರಲಿ. ಸೀಟಿನಲ್ಲಿ ಕೂತವರು ಪೆಡಲ್ ತುಳಿದು ಹಿಡಿಯಬೇಕು. ನಿಪ್ಪಲ್ ಕಾಲು ಸುತ್ತು ಬಿಚ್ಚಿದರೆ ಹಳೆಯದು ಹರಿದು ಪೆಡಲ್ ಇಳಿಯುತ್ತದೆ. ನಿಪ್ಪಲ್ ಮುಚ್ಚಿದ ಮೇಲೆಯೇ ಕಾಲು ತೆಗೆಯಬೇಕು, ಇಲ್ಲವಾದರೆ ಗಾಳಿ ಒಳಗೆ ಹೋಗುತ್ತದೆ. ಗುಳ್ಳೆಯಿಲ್ಲದ ತಿಳಿ ದ್ರವ ಬರುವವರೆಗೆ ಇದೇ ಪುನರಾವರ್ತನೆ. ನಾಲ್ಕೈದು ಸಲ ತುಳಿದಾಗೊಮ್ಮೆ ರಿಸರ್ವಾಯರ್ ನೋಡಿ. ಮಟ್ಟ ಮಿನ್ ಗೆರೆಗಿಂತ ಕೆಳಗಿಳಿದರೆ ಗಾಳಿ ಸೇರಿ ಮೊದಲಿನಿಂದ ಶುರು ಮಾಡಬೇಕಾದೀತು. ಹಳೆಯ ಕಾರಿನಲ್ಲಿ ಪೆಡಲ್ ಕೆಳಗೆ ಮರದ ತುಂಡು ಇಟ್ಟು ಪೂರ್ತಿ ತಳ ಮುಟ್ಟದಂತೆ ತಡೆಯಿರಿ. ಮಾಸ್ಟರ್ ಸಿಲಿಂಡರಿನಲ್ಲಿ ದಿನವೂ ಬಳಕೆಯಾಗದ ತುದಿಯ ಕಡೆ ತುಕ್ಕು ಕೂತಿರುತ್ತದೆ, ಅದರ ಮೇಲೆ ಉಜ್ಜಿದರೆ ಸೀಲ್ ಹರಿಯುತ್ತದೆ. ಎಬಿಎಸ್ ಘಟಕದೊಳಗೆ ಗಾಳಿ ಹೋದರೆ ಸ್ಕ್ಯಾನರ್ ಹಾಕಿ ವಾಲ್ವ್ ತೆರೆಯಬೇಕು, ಅದು ಸರ್ವಿಸ್ ಸೆಂಟರಿನ ಕೆಲಸ.

ಕೊನೆಗೆ ಎಂಜಿನ್ ಚಾಲೂ ಮಾಡಿ ಪೆಡಲ್ ಒತ್ತಿ ಹಿಡಿದು ನೋಡಿ. ನಿಧಾನವಾಗಿ ಇಳಿಯುತ್ತಿದ್ದರೆ ರಸ್ತೆಗಿಳಿಸಬೇಡಿ. ಕಾರಿನ ಬಾಡಿ ಮೇಲೆ ಆಯಿಲ್ ಹನಿ ಬಿದ್ದರೆ ಒರೆಸುತ್ತ ಕೂರದೆ ನೀರು ಸುರಿಯಿರಿ, ಇಲ್ಲವಾದರೆ ಪೇಂಟ್ ಕಿತ್ತು ಬರುತ್ತದೆ. ಎಂಜಿನ್ ಆಯಿಲ್ಲೋ ಪವರ್ ಸ್ಟೀರಿಂಗ್ ಆಯಿಲ್ಲೋ ರಿಸರ್ವಾಯರಿಗೆ ಒಂದಿಷ್ಟು ಬಿದ್ದರೂ ರಬ್ಬರ್ ಸೀಲ್‌ಗಳು ಊದಿಕೊಂಡು ಎಲ್ಲವನ್ನೂ ಬದಲಿಸುವ ಖರ್ಚು ಬರುತ್ತದೆ. ಡಬ್ಬಿಯಲ್ಲಿ ಉಳಿದದ್ದನ್ನು ಮುಂದಿನ ಸಲಕ್ಕೆಂದು ಎತ್ತಿಡುವುದರಲ್ಲಿ ಅರ್ಥವಿಲ್ಲ, ಸೀಲ್ ಒಡೆದಾಗಲೇ ಅದು ತೇವ ಹೀರಲು ತೊಡಗಿರುತ್ತದೆ. ಹಳೆಯದರ ಜೊತೆ ಅದನ್ನೂ ಬೇರೆ ಬಾಟಲಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ, ಚರಂಡಿಗೆ ಸುರಿಯಬೇಡಿ.