ಕರೆಂಟು ಹೋದ ಸುದ್ದಿ ಸರ್ವರಿಗೂ ತಲುಪಲಿ

ಮನೆಯ ಇನ್ವರ್ಟರಿನ ಮೈಮೇಲೆ ಎಲ್ಲೋ ಒಂದು ಪುಟ್ಟ ಸ್ವಿಚ್ ಇರುತ್ತದೆ. ಒಂದು ಕಡೆ ‘ಯುಪಿಎಸ್’, ಇನ್ನೊಂದು ಕಡೆ ‘ನಾರ್ಮಲ್’ ಅಥವಾ ‘ಇಕೋ’. ಫ್ಯಾನಿಗೂ ಬಲ್ಬಿಗೂ ಎರಡೂ ಒಂದೇ, ಕಂಪ್ಯೂಟರಿಗೆ ಅಲ್ಲ. ಕಂಪ್ಯೂಟರಿನ ಪವರ್ ಸಪ್ಲೈಯೊಳಗೆ ಚೂರು ವಿದ್ಯುತ್ತು ಹಿಡಿದಿಡುವ ಕೆಪಾಸಿಟರುಗಳು ಪೂರ್ತಿ ಲೋಡಿನಲ್ಲಿ ಕರೆಂಟಿಲ್ಲದೆ ಸುಮಾರು 16 ಮಿಲಿಸೆಕೆಂಡ್ ತಡೆದುಕೊಳ್ಳುತ್ತವೆ, ಲೋಡು ಕಡಿಮೆಯಿದ್ದರೆ ಇನ್ನಷ್ಟು. ಯುಪಿಎಸ್ ಮೋಡಿನಲ್ಲಿ ಇನ್ವರ್ಟರ್ 10–15 ಮಿಲಿಸೆಕೆಂಡಿನಲ್ಲಿ ಬ್ಯಾಟರಿಗೆ ಹೊರಳುತ್ತದೆ; ನಾರ್ಮಲ್ ಮೋಡಿನಲ್ಲಿ ಅದಕ್ಕೆ 30–40 ಬೇಕಾಗಬಹುದು. ಇನ್ವರ್ಟರ್ ಇದ್ದರೂ ಕರೆಂಟು ಹೋದಾಗಲೆಲ್ಲ ಕಂಪ್ಯೂಟರ್ ರೀಸ್ಟಾರ್ಟ್ ಆಗುವ ಮನೆಗಳಲ್ಲಿ ಮೊದಲು ನೋಡಬೇಕಾದ್ದು ಈ ಸ್ವಿಚ್ಚನ್ನೇ.

ಸ್ವಿಚ್ ಸರಿಯಿದ್ದರೂ ಇನ್ನೊಂದು ಕೊರತೆ ಉಳಿದೇ ಇರುತ್ತದೆ. ಸಾಮಾನ್ಯ ಇನ್ವರ್ಟರ್ ಮೂಕ. ನಾಲ್ಕು ಗಂಟೆ ದುಡಿದು ಬ್ಯಾಟರಿ ಬರಿದಾಗುವಾಗ ಅದು ಪೀಂ ಎಂದು ಮನುಷ್ಯರಿಗೆ ಹೇಳುತ್ತದೆಯೇ ಹೊರತು ಅಟ್ಟದ ಮೇಲೆ ಕೂತು ಮನೆಯ ಫೋಟೋ, ಫೈಲು ಕಾಯುತ್ತ ಹಗಲಿರುಳು ಓಡುವ ಸರ್ವರ್ ಎಂಬ ಕಂಪ್ಯೂಟರಿಗೆ ಹೇಳುವುದಿಲ್ಲ. ಹಾಗಾಗಿ ಸರ್ವರಿನ ಮಟ್ಟಿಗೆ ಬ್ಯಾಟರಿ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಯುಪಿಎಸ್ಸಿನಿಂದ, ಅಂದರೆ ಕಂಪ್ಯೂಟರಿಗೆಂದೇ ಬೇರೆಯಾಗಿ ಸಿಗುವ ಪುಟ್ಟ ಬ್ಯಾಟರಿ ಪೆಟ್ಟಿಗೆಯಿಂದ, ಅದಕ್ಕೊಂದು ಯುಎಸ್‌ಬಿ ತಂತಿ ಹೋಗಿದೆಯೇ ಎನ್ನುವುದು ಮುಖ್ಯ.

ದಿಢೀರನೆ ನಿಂತರೆ ಕೆಡುವುದಾದರೂ ಏನು? ನಾವು ‘ಸೇವ್’ ಆಯಿತು ಎಂದುಕೊಂಡದ್ದು ಬಹಳ ಸಲ ಇನ್ನೂ ರ್‍ಯಾಮಿನಲ್ಲೇ ಇರುತ್ತದೆ. ಪ್ರೋಗ್ರಾಮು ಒತ್ತಾಯಿಸಿ ಬರೆಸದಿದ್ದರೆ, ಸರ್ವರುಗಳನ್ನು ಸಾಮಾನ್ಯವಾಗಿ ನಡೆಸುವ ಲಿನಕ್ಸ್ ಅದನ್ನು ಡಿಸ್ಕಿಗೆ ಇಳಿಸಲು 30 ಸೆಕೆಂಡಿನವರೆಗೆ ಕಾಯಬಹುದು. ಲಿನಕ್ಸಿನಲ್ಲಿ ಡಿಸ್ಕಿನ ಫೈಲುಗಳನ್ನು ಜೋಡಿಸಿಡುವ ಇಎಕ್ಸ್‌ಟಿ4 ಫೈಲ್ ವ್ಯವಸ್ಥೆಗೆ ಒಂದು ಜರ್ನಲ್ ಇದೆ, ಕಿರಾಣಿ ಅಂಗಡಿಯ ಕಚ್ಚಾ ಲೆಕ್ಕದ ಪುಸ್ತಕದ ಹಾಗೆ. ಸಾಮಾನ್ಯ ಸೆಟ್ಟಿಂಗಿನಲ್ಲಿ ಅದು ಕಾಪಾಡುವುದು ಫೈಲುಗಳ ಚೌಕಟ್ಟನ್ನು: ಹೆಸರು, ಗಾತ್ರ, ಜಾಗ. ಒಳಗಿನ ಸರಕಿಗೆ ಅದು ಹೊಣೆಯಲ್ಲ. ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸುಗಳು ತಮ್ಮದೇ ಲಾಗ್ ಇಟ್ಟುಕೊಂಡು ಚೇತರಿಸಿಕೊಳ್ಳುತ್ತವೆ, ಆದರೆ ಡಿಸ್ಕು ಸತ್ಯ ಹೇಳಿದರೆ ಮಾತ್ರ. ಡಿಸ್ಕ್ ಕೂರಿಸುವ ಅಗ್ಗದ ಯುಎಸ್‌ಬಿ ಡಬ್ಬಿಗಳಲ್ಲಿ ಕೆಲವು ‘ಬರೆದಾಯಿತು’ ಎಂದು ಬರೆಯುವ ಮೊದಲೇ ಹೇಳಿಬಿಡುತ್ತವೆ. ಮನೆಬಳಕೆಯ ಎಸ್‌ಎಸ್‌ಡಿಗಳಲ್ಲಿ, ಡೇಟಾ ಸೆಂಟರಿನವುಗಳಲ್ಲಿ ಇರುವಂತೆ, ಕೊನೆಯ ಉಸಿರಿಗೆಂದು ಇಟ್ಟ ಕೆಪಾಸಿಟರುಗಳು ಸಾಮಾನ್ಯವಾಗಿ ಇರುವುದಿಲ್ಲ. ಇಮಿಚ್‌ನಂಥ ಫೋಟೋ ಸರ್ವರಿನಲ್ಲಿ ಚಿತ್ರ ಒಂದೆಡೆ, ಅದರ ದಾಖಲೆ ಡೇಟಾಬೇಸಿನಲ್ಲಿ. ಎರಡರ ನಡುವೆ ಕರೆಂಟು ಹೋದರೆ ಒಂದು ಇದ್ದು ಇನ್ನೊಂದು ಇಲ್ಲದ ಸ್ಥಿತಿ. ಹತ್ತು ಸಲ ಏನೂ ಆಗದೆ ಹನ್ನೊಂದನೆಯ ಸಲ ಆಗುವ ಬಗೆಯ ತೊಂದರೆ ಇದು.

ಕೊಳ್ಳುವಾಗ ಯುಪಿಎಸ್ಸಿನ ಬೆನ್ನು ನೋಡಿ. ಡೇಟಾ ಪೋರ್ಟ್ ಇರಬೇಕು. ಭಾರತದ ಅಂಗಡಿಗಳಲ್ಲಿ ಸಿಗುವ ಕಡಿಮೆ ಬೆಲೆಯ 600 ವಿಎ (ವಿಎ ಎಂಬುದು ಯುಪಿಎಸ್ಸಿನ ತಾಕತ್ತಿನ ಅಳತೆ) ಮಾದರಿಗಳಲ್ಲಿ ಹಲವಕ್ಕೆ ಅದು ಇರುವುದಿಲ್ಲ. ಮೊಬೈಲ್ ಚಾರ್ಜಿಗೆಂದು ಕೊಟ್ಟ ಯುಎಸ್‌ಬಿ ತೂತು ಬೇರೆ, ಸುದ್ದಿ ಹೇಳುವ ಪೋರ್ಟ್ ಬೇರೆ. ಯುಪಿಎಸ್ ತಯಾರಿಸುವ ಎಪಿಸಿ ಕಂಪನಿಯ ಕೆಲವು ಮಾದರಿಗಳಲ್ಲಿ ಡೇಟಾ ಪೋರ್ಟು ನೆಟ್‌ವರ್ಕ್ ಪೋರ್ಟಿನ ಹಾಗೆಯೇ ಕಾಣುತ್ತದೆ, ಆದರೆ ಅದಕ್ಕೆ ಹತ್ತು ಪಿನ್ನಿನ ಅದರದೇ ಕೇಬಲ್ ಬೇಕು. ಅದೇ ಕಂಪನಿಯ ಹಳೆಯ ಸ್ಮಾರ್ಟ್‌-ಯುಪಿಎಸ್ ಸಿಕ್ಕಿದೆಯೆಂದು ಸಾಮಾನ್ಯ ಸೀರಿಯಲ್ ಕೇಬಲ್ ಚುಚ್ಚಿದರೆ ಅದು ಆ ಕ್ಷಣವೇ ಔಟ್‌ಪುಟ್ ಕತ್ತರಿಸಿಬಿಡಬಹುದು. ರಕ್ಷಣೆಗೆಂದು ತಂದದ್ದೇ ಸರ್ವರ್ ಬೀಳಿಸಿದ ಹಾಗೆ.

ವಿಎ ಎಂದರೆ ವ್ಯಾಟ್ ಅಲ್ಲ. 600 ವಿಎಯ ಪೆಟ್ಟಿಗೆ ಸಾಮಾನ್ಯವಾಗಿ 360 ವ್ಯಾಟ್ ಹೊರುತ್ತದೆ. ಮನೆ ಸರ್ವರಿಗೆ ಅದು ಧಾರಾಳ. ಎನ್100 ಚಿಪ್ಪಿನ ಮಿನಿ ಪಿಸಿ 10–20 ವ್ಯಾಟ್, ಎರಡು ಹಾರ್ಡ್ ಡಿಸ್ಕಿರುವ ಹಳೆಯ ಡೆಸ್ಕ್‌ಟಾಪ್ 60ರ ಆಸುಪಾಸು. ಲೆಕ್ಕ ತಪ್ಪುವುದು ಸಮಯದಲ್ಲಿ. ಒಳಗಿರುವುದು 12 ವೋಲ್ಟ್ 7 ಆಂಪಿಯರ್-ಅವರ್‌ನ ಒಂದು ಸೀಸದ ಬ್ಯಾಟರಿ, ಅಂದರೆ 84 ವ್ಯಾಟ್-ಅವರ್. 60 ವ್ಯಾಟಿಗೆ 84 ನಿಮಿಷ ಎಂದು ಹಿಗ್ಗಬೇಡಿ. ಆ 7 ಎನ್ನುವ ಅಂಕಿ ಬ್ಯಾಟರಿಯನ್ನು 20 ಗಂಟೆ ಹಿಡಿದು ನಿಧಾನವಾಗಿ ಖಾಲಿ ಮಾಡಿದಾಗ ಸಿಗುವಂಥದ್ದು. ಪರಿವರ್ತನೆಯ ನಷ್ಟ ಸೇರಿ ಇಲ್ಲಿ 6 ಆಂಪಿಯರಿಗೂ ಹೆಚ್ಚು ಎಳೆಯುತ್ತೇವೆ; ಆ ವೇಗದಲ್ಲಿ ಬ್ಯಾಟರಿ ಅರ್ಧಕ್ಕಿಂತ ತುಸು ಹೆಚ್ಚನ್ನಷ್ಟೇ ಕೊಡುತ್ತದೆ. ಹೊಸದರಲ್ಲಿ ಅರ್ಧ ಗಂಟೆ ಸಿಕ್ಕರೆ ಸರಿ, ಎರಡು ವರ್ಷದ ನಂತರ ಅದರ ಅರ್ಧ. ಸರ್ವರನ್ನು ಸಭ್ಯವಾಗಿ ಮಲಗಿಸಲು ಅಷ್ಟು ಸಾಕು.

ಯುಪಿಎಸ್ಸನ್ನು ಇನ್ವರ್ಟರ್ ಲೈನಿಗೇ ಜೋಡಿಸಬಹುದೇ? ಜೋಡಿಸಬಹುದು, ಇನ್ವರ್ಟರ್ ಸೈನ್ ವೇವ್ (ಗೋಡೆಯ ಕರೆಂಟಿನ ಹಾಗೆ ನಯವಾದ ಅಲೆ ಕೊಡುವಂಥದ್ದು) ಆಗಿದ್ದರೆ. ಗಂಟೆಗಳ ಕೆಲಸ ಇನ್ವರ್ಟರ್ ನೋಡಿಕೊಳ್ಳುತ್ತದೆ. ಹೊರಳುವ ಮಿಲಿಸೆಕೆಂಡುಗಳನ್ನೂ ಕೊನೆಯ ಸುದ್ದಿಯನ್ನೂ ಯುಪಿಎಸ್ ನೋಡಿಕೊಳ್ಳುತ್ತದೆ. ಚೌಕಾಕಾರದ ಅಲೆ ಕೊಡುವ ಸ್ಕ್ವೇರ್ ವೇವ್ ಇನ್ವರ್ಟರಾದರೆ ಯುಪಿಎಸ್ ಅದನ್ನು ಕರೆಂಟೆಂದು ಒಪ್ಪದೆ ಟಿಕ್ ಟಿಕ್ ಎನ್ನುತ್ತ ತನ್ನ ಬ್ಯಾಟರಿಯನ್ನೇ ತಿನ್ನುತ್ತ ಕೂರಬಹುದು. ಅಡುಗೆಮನೆಯ ಮಿಕ್ಸಿ ಅದೇ ಲೈನಿನಲ್ಲಿದ್ದರೆ ಓವರ್‌ಲೋಡಾಗಿ ಇನ್ವರ್ಟರ್ ಬೀಳುವ ಕ್ಷಣಕ್ಕೂ ಈ ಏರ್ಪಾಟು ಉಪಯೋಗಕ್ಕೆ ಬರುತ್ತದೆ.

ಸುದ್ದಿ ಕೇಳುವ ತಂತ್ರಾಂಶ ‘ನೆಟ್‌ವರ್ಕ್ ಯುಪಿಎಸ್ ಟೂಲ್ಸ್’, ಬಳಸುವವರ ಬಾಯಲ್ಲಿ ‘ನಟ್’. ಉಚಿತ, ಮುಕ್ತ. ಅದರಲ್ಲಿ ಮೂರು ಪಾತ್ರ: ಯುಪಿಎಸ್ಸಿನ ಭಾಷೆ ಬಲ್ಲ ಡ್ರೈವರ್, ಅದು ಹೇಳಿದ್ದನ್ನು ಜಾಲದಲ್ಲಿ 3493ನೇ ಪೋರ್ಟಿನಲ್ಲಿ ಸಾರುವ ಅಪ್ಸ್‌ಡಿ, ಕೇಳಿಸಿಕೊಂಡು ಶಟ್‌ಡೌನ್ ಮಾಡಿಸುವ ಅಪ್ಸ್‌ಮಾನ್. ಎಪಿಸಿಯಂಥವಕ್ಕೆ ಯುಎಸ್‌ಬಿಹಿಡ್-ಅಪ್ಸ್ ಎನ್ನುವ ಡ್ರೈವರ್. ಮೆಗಾಟೆಕ್ ಭಾಷೆಯಾಡುವ ಅನೇಕ ಅಗ್ಗದ ಯುಪಿಎಸ್ಸುಗಳಿಗೆ ನಟ್‌ಡ್ರೈವ್-ಕ್ಯೂಎಕ್ಸ್. ಅಪ್ಸ್‌ಸಿ ಆಜ್ಞೆ ಕೊಟ್ಟಾಗ ಸ್ಥಿತಿಯ ಸಾಲಿನಲ್ಲಿ ‘ಒಎಲ್’ (ಗೋಡೆಯ ಕರೆಂಟು ಇದೆ) ಎಂದು ಬಂದರೆ ಸಂಪರ್ಕ ಕೂಡಿತು. ಕರೆಂಟು ಹೋದರೆ ‘ಒಬಿ’, ಬ್ಯಾಟರಿ ಇಳಿದರೆ ಜೊತೆಗೆ ‘ಎಲ್‌ಬಿ’.

ಅದರ ಪಾಡಿಗೆ ಬಿಟ್ಟರೆ ನಟ್ ‘ಒಬಿ’ ಮತ್ತು ‘ಎಲ್‌ಬಿ’ ಎರಡೂ ಬರುವ ತನಕ ಕಾಯುತ್ತದೆ. ಇಲ್ಲೇ ಹೆಚ್ಚಿನವರು ಎಡವುವುದು. ಮುದಿ ಬ್ಯಾಟರಿ 60 ಶೇಕಡಾ ತೋರಿಸುತ್ತಲೇ ಇದ್ದು ಮರುನಿಮಿಷ ಕುಸಿಯುತ್ತದೆ. ‘ಎಲ್‌ಬಿ’ ಬರುವಷ್ಟರಲ್ಲಿ ಹೇಳುವವನೇ ಇರುವುದಿಲ್ಲ. ಆದ್ದರಿಂದ ಶೇಕಡಾವಾರನ್ನು ನಂಬದೆ ಗಡಿಯಾರವನ್ನು ನಂಬಿ. ನಟ್‌ನದೇ ಟೈಮರ್ ಸಾಧನವಾದ ಅಪ್ಸ್‌ಶೆಡ್ ಮೂಲಕ ‘ಬ್ಯಾಟರಿಗೆ ಹೋದ ತಕ್ಷಣ 180 ಸೆಕೆಂಡಿನ ಟೈಮರ್ ಶುರು, ಕರೆಂಟು ಬಂದರೆ ಟೈಮರ್ ರದ್ದು, ಮುಗಿದರೆ ಶಟ್‌ಡೌನ್’ ಎಂದು ಬರೆಯಬಹುದು. ಮಳೆಗಾಲದಲ್ಲಿ ಗಾಳಿಗೆ ಕಣ್ಣು ಮಿಟುಕಿಸಿ ಬರುವ ಕರೆಂಟಿಗೆಲ್ಲ ಸರ್ವರ್ ಮಲಗದಿರಲಿ ಎಂದೇ ಆ ಮೂರು ನಿಮಿಷ.

ಅದರ ಮೇಲೆ ಮುಚ್ಚುವ ಸಮಯವನ್ನೂ ಸೇರಿಸಿ. ಒಂದೇ ಕಂಪ್ಯೂಟರಿನೊಳಗೆ ಹಲವು ವರ್ಚುವಲ್ ಯಂತ್ರಗಳನ್ನು (ತಂತ್ರಾಂಶದಲ್ಲೇ ಕಟ್ಟಿದ ಕಂಪ್ಯೂಟರುಗಳನ್ನು) ಓಡಿಸುವ ಪ್ರಾಕ್ಸ್‌ಮಾಕ್ಸ್ ಬಳಸುವವರಲ್ಲಿ ಪ್ರತಿ ಯಂತ್ರಕ್ಕೆ ಡೀಫಾಲ್ಟಾಗಿ 180 ಸೆಕೆಂಡಿನ ಗಡುವು ಇರುತ್ತದೆ. ಪ್ರೋಗ್ರಾಮುಗಳನ್ನು ಕಂಟೇನರ್ ಎಂಬ ಬೇರೆ ಬೇರೆ ಡಬ್ಬಿಗಳಲ್ಲಿ ಓಡಿಸುವ ಡಾಕರ್ ತದ್ವಿರುದ್ಧ: ಕಂಟೇನರ್ ನಿಲ್ಲಿಸುವಾಗ 10 ಸೆಕೆಂಡ್ ಕಾದು, ನಿಲ್ಲದಿದ್ದರೆ ಕತ್ತು ಹಿಸುಕುತ್ತದೆ. ಡೇಟಾಬೇಸ್ ಇರುವ ಕಂಟೇನರಿಗೆ ಈ ಗಡುವನ್ನು 60ಕ್ಕಾದರೂ ಏರಿಸದಿದ್ದರೆ, ಯುಪಿಎಸ್ ಇದ್ದೂ ಡೇಟಾಬೇಸ್ ಪಾಲಿಗೆ ಕರೆಂಟು ಹೋದ ಹಾಗೆಯೇ. ಎಲ್ಲ ಸೇರಿ ಏಳು ನಿಮಿಷ ಎಂದಾದರೆ ಬ್ಯಾಟರಿ ಹದಿನೈದು ನಿಮಿಷವಾದರೂ ಬರುವಂತಿರಲಿ. ಜಾಲದ ಮೂಲಕ ಸುದ್ದಿ ಕೇಳುವ ಇನ್ನೊಂದು ಯಂತ್ರವಿದ್ದರೆ ರೌಟರನ್ನೂ ನೆಟ್‌ವರ್ಕ್ ಸ್ವಿಚ್ಚನ್ನೂ ಅದೇ ಯುಪಿಎಸ್ಸಿಗೆ ಹಾಕಬೇಕು. ಇಲ್ಲವಾದರೆ ಅಂಚೆಯವನೇ ಮೊದಲು ಮಲಗುತ್ತಾನೆ.

ಮಲಗಿಸುವುದಕ್ಕಿಂತ ಏಳಿಸುವುದು ಕಷ್ಟ. ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳಿರುವ ಬಯೋಸಿನಲ್ಲಿ ‘ಕರೆಂಟು ಮರಳಿದಾಗ ಏನು ಮಾಡಬೇಕು’ ಎಂಬ ಆಯ್ಕೆಯಿರುತ್ತದೆ. ‘ಹಿಂದಿನ ಸ್ಥಿತಿ’ ಎಂದು ಇಟ್ಟರೆ ಕೆಲಸವಾಗದು. ಸರಿಯಾಗಿ ಶಟ್‌ಡೌನ್ ಆದ ಯಂತ್ರದ ಹಿಂದಿನ ಸ್ಥಿತಿ ಆಫ್ ತಾನೆ? ‘ಪವರ್ ಆನ್’ ಎಂದೇ ಇಡಬೇಕು. ಅದೂ ಸಾಲದು. ಶಟ್‌ಡೌನ್ ಶುರುವಾದ ಮೇಲೆ, ಬ್ಯಾಟರಿ ಮುಗಿಯುವ ಮೊದಲು ಕರೆಂಟು ಬಂತೆನ್ನಿ. ಸರ್ವರಿನ ಕಣ್ಣಿಗೆ ವಿದ್ಯುತ್ತು ಹೋಗಿಯೇ ಇಲ್ಲ, ಹೋಗದಿದ್ದುದು ಮರಳುವುದೆಲ್ಲಿಂದ? ಊರಿಗೆ ಹೋದವರು ವಾರವಿಡೀ ಸತ್ತ ಸರ್ವರಿಗೆ ಪಿಂಗ್ ಮಾಡುತ್ತ (‘ಇದ್ದೀಯಾ’ ಎಂದು ಜಾಲದಲ್ಲಿ ಕೇಳುತ್ತ) ಕೂರಬೇಕು. ಇದಕ್ಕೆ ಮದ್ದು ‘ಕಿಲ್‌ಪವರ್’: ಫೈಲುಗಳೆಲ್ಲ ಮುಚ್ಚಿದ ಮೇಲೆ ಸರ್ವರೇ ಯುಪಿಎಸ್ಸಿಗೆ ‘ಔಟ್‌ಪುಟ್ ಕತ್ತರಿಸು, ಕರೆಂಟು ಇದ್ದರೆ ಮತ್ತೆ ಕೊಡು’ ಎಂದು ಹೇಳಿ ಮಲಗುತ್ತದೆ. ಯುಎಸ್‌ಬಿಹಿಡ್-ಅಪ್ಸ್ ಡ್ರೈವರಿನಲ್ಲಿ ಕತ್ತರಿಸುವ ಮುನ್ನ 20 ಸೆಕೆಂಡ್, ಮತ್ತೆ ಕೊಡಲು 30 ಎಂಬುದು ಡೀಫಾಲ್ಟ್. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದಿರಲೇಬೇಕು. ನಿಮ್ಮ ಯಂತ್ರ ಕೊನೆಯ ಹಂತಕ್ಕೆ 20 ಸೆಕೆಂಡಿಗಿಂತ ಹೆಚ್ಚು ತೆಗೆದುಕೊಂಡರೆ ಎರಡನ್ನೂ ಹೆಚ್ಚಿಸಿ.

ಡೇಟಾ ಪೋರ್ಟಿಲ್ಲದ ಯುಪಿಎಸ್ ಈಗಾಗಲೇ ಮನೆಯಲ್ಲಿದ್ದರೆ ಎಸೆಯಬೇಕಿಲ್ಲ. ಹಳೆಯ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರೋ ವೈಫೈ ಪ್ಲಗ್ಗೋ ಒಂದನ್ನು ನೇರ ಗೋಡೆಯ ಕರೆಂಟಿಗೆ ಹಾಕಿ; ಸರ್ವರ್ ಮತ್ತು ರೌಟರ್ ಯುಪಿಎಸ್ ಮೇಲಿರಲಿ. ಸರ್ವರ್ ಪಿಂಗ್ ಮಾಡಿದಾಗ ಗೋಡೆಯದು ಮೂರು ನಿಮಿಷ ಉತ್ತರಿಸದೆ, ರೌಟರ್ ಉತ್ತರಿಸುತ್ತಿದ್ದರೆ ಕರೆಂಟು ಹೋಗಿದೆ ಎಂದರ್ಥ. ರೌಟರಿನ ಷರತ್ತು ಮರೆತರೆ, ರೌಟರ್ ಕೈಕೊಟ್ಟಾಗಲೆಲ್ಲ ಸರ್ವರ್ ಮಲಗುತ್ತದೆ.

ಪರೀಕ್ಷೆ ಮಾಡುವಾಗ ಪ್ಲಗ್ ಕೀಳದೆ ಗೋಡೆಯ ಸ್ವಿಚ್ ಆರಿಸಿ, ಆಗ ಅರ್ತಿಂಗ್ ಉಳಿದಿರುತ್ತದೆ. ಮೊದಲ ಸಲ ಸರ್ವರಿನ ಬದಲು ಸುಮಾರು ಅಷ್ಟೇ ವ್ಯಾಟಿನ ಬಲ್ಬುಗಳನ್ನು ಯುಪಿಎಸ್ಸಿಗೆ ಹಾಕಿ, ಎಷ್ಟು ನಿಮಿಷ ಉರಿಯುತ್ತವೆ ನೋಡಿ. ಪೆಟ್ಟಿಗೆಯ ಮೇಲಿನ ಅಂಕಿಗಿಂತ ಅದೇ ನಿಜ. ಬ್ಯಾಟರಿ ಪೂರ್ತಿ ತುಂಬಿದ ಮೇಲೆ ಸರ್ವರ್ ಜೋಡಿಸಿ, ಅಪ್ಸ್‌ಮಾನ್‌ಗೆ ಎಫ್‌ಎಸ್‌ಡಿ (ಒತ್ತಾಯದ ಶಟ್‌ಡೌನ್) ಆಜ್ಞೆ ಕೊಟ್ಟು, ಅದು ಮಲಗಿ ತಾನಾಗಿ ಎದ್ದು ಬರುವ ತನಕ ಕಾಯಿರಿ.

ಈ ಪರೀಕ್ಷೆ ಆರು ತಿಂಗಳಿಗೊಮ್ಮೆ ಬೇಕು, ಬ್ಯಾಟರಿ ಸುಳಿವು ಕೊಡದೆ ಮುದಿಯಾಗುತ್ತದೆ. 25 ಡಿಗ್ರಿಗಿಂತ ಮೇಲೆ ಪ್ರತಿ 10 ಡಿಗ್ರಿಗೆ ಸೀಸದ ಬ್ಯಾಟರಿಯ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಟಿವಿ ಕಪಾಟಿನೊಳಗೆ ಮುಚ್ಚಿಟ್ಟ ಯುಪಿಎಸ್ಸಿಗೆ ಎರಡು ವರ್ಷವೇ ಹೆಚ್ಚು. ಬ್ಯಾಟರಿ ಬದಲಿಸುವಾಗ ಯುಪಿಎಸ್ ಆರಿಸಿ ಪ್ಲಗ್ ತೆಗೆದು, ಕೆಂಪು ಕಪ್ಪು ತಂತಿಗಳ ಫೋಟೋ ಹಿಡಿದುಕೊಂಡು ಬಿಚ್ಚಿ. ಹಾಕಿದ ತಿಂಗಳನ್ನು ಮಾರ್ಕರಿನಲ್ಲಿ ಬ್ಯಾಟರಿಯ ಮೇಲೇ ಬರೆಯಿರಿ. ಹಳೆಯದನ್ನು ಅಂಗಡಿಗೇ ಮರಳಿಸಿದರೆ ಸೀಸದ ಬೆಲೆ ಕಳೆದು ಹೊಸದನ್ನು ಕೊಡುತ್ತಾರೆ.