ಏರೋಪ್ಲೇನ್ ಚಿಟ್ಟೆ ಯಾವತ್ತು ಬಂತು ಅಂತ ಬರೆದಿಟ್ಕೊಳ್ಳಿ

ಮಳೆಗಾಲ ಮುಗೀತಾ ಬಂದಾಗ ಗದ್ದೆ ಮೇಲೆ, ಸ್ಕೂಲ್ ಮೈದಾನದ ಮೇಲೆ ಗುಂಪು ಗುಂಪಾಗಿ, ಎಲ್ಲೂ ಕೂರದೇ ಹಾರ್ತಾನೇ ಇರ್ತವಲ್ಲ ಹಳದಿ ಏರೋಪ್ಲೇನ್ ಚಿಟ್ಟೆಗಳು, ಅವುಗಳಲ್ಲಿ ಹೆಚ್ಚಿನವು ಪಂಟಾಲಾ ಫ್ಲಾವೆಸೆನ್ಸ್ ಅನ್ನೋ ಜಾತಿ. ತೂಕ ಅರ್ಧ ಗ್ರಾಮೂ ಇಲ್ಲ. ಇವು ಹಿಂದೂ ಮಹಾಸಾಗರ ದಾಟಿ ಆಫ್ರಿಕಾಗೆ ಹೋಗ್ತಿರ್ಬೇಕು ಅಂತ 2009ರಲ್ಲಿ ಮೊದಲು ಲೆಕ್ಕ ಸಮೇತ ಹೇಳಿದ್ದು ಚಾರ್ಲ್ಸ್ ಆಂಡರ್ಸನ್, ಅವರು ಕೀಟದವರೇ ಅಲ್ಲ, ಮಾಲ್ಡೀವ್ಸ್‌ನಲ್ಲಿ ಮೀನು, ತಿಮಿಂಗಿಲ ಅಂತ ಕೆಲಸ ಮಾಡ್ಕೊಂಡಿದ್ದ ಸಮುದ್ರ ಜೀವಶಾಸ್ತ್ರಜ್ಞ.

1983ರಲ್ಲಿ ಅಲ್ಲಿಗೆ ಹೋದ ಅವರಿಗೆ ಪ್ರತಿ ಅಕ್ಟೋಬರ್‌ನಲ್ಲೂ ರಾಜಧಾನಿ ಮಾಲೆ ತುಂಬಾ ಈ ಚಿಟ್ಟೆಗಳು ಕಾಣೋವು. ಅಲ್ಲಿನ ಜನಕ್ಕೆ ಇದೇನು ಹೊಸದಲ್ಲ, ಇವು ಬಂದ್ವು ಅಂದ್ರೆ ಈಶಾನ್ಯ ಮಾನ್ಸೂನ್ ಹತ್ರ ಬಂತು ಅಂತಾನೇ ಲೆಕ್ಕ. ಆದ್ರೆ ಇವು ಮೊಟ್ಟೆ ಇಡೋದು, ಮರಿ ಬೆಳೆಯೋದು ಸಿಹಿನೀರಲ್ಲಿ, ಮಾಲ್ಡೀವ್ಸ್ ಹವಳದ ದ್ವೀಪ, ಬಿದ್ದ ಮಳೆ ಇಂಗಿ ಹೋಗುತ್ತೆ, ಕೆರೆ ಹಳ್ಳ ಅನ್ನೋದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮತ್ತೆ ಇಷ್ಟೊಂದು ಬಂದಿದ್ದೆಲ್ಲಿಂದ?

ಆಂಡರ್ಸನ್ ಮಾಡಿದ್ದು ಸರಳ ಕೆಲಸ. ವರ್ಷ ವರ್ಷ ಮೊದಲು ಕಂಡ ದಿನ ಬರೆದಿಟ್ರು, ಎಣಿಸಿದ್ರು, ಬೇರೆ ಬೇರೆ ದ್ವೀಪದಲ್ಲಿ, ಸಮುದ್ರದಲ್ಲಿ ಬೇರೆಯವರು ಕಂಡಿದ್ದನ್ನೂ ಸೇರಿಸಿದ್ರು. ತಾರೀಖುಗಳನ್ನ ಸಾಲಾಗಿ ಇಟ್ಟಾಗ ದಾರಿ ಕಾಣಿಸ್ತು: ಮೊದಲು ದಕ್ಷಿಣ ಭಾರತ, ಅಕ್ಟೋಬರ್‌ಗೆ ಮಾಲೆ, ಆಮೇಲೆ ದಕ್ಷಿಣದ ದ್ವೀಪಗಳು, ನವೆಂಬರ್‌ಗೆ ಸೀಶೆಲ್ಸ್, ಮುಂದೆ ಪೂರ್ವ ಆಫ್ರಿಕಾ. ಮಳೆ ದಕ್ಷಿಣಕ್ಕೆ ಸರಿದ ಹಾಗೆ ಇವೂ ಸರೀತವೆ. ಹೋಗಿ ಬರೋದು 14,000ದಿಂದ 18,000 ಕಿಲೋಮೀಟರ್, ನಾಲ್ಕು ತಲೆಮಾರು ಸೇರಿ, ಅನ್ನೋದು ಅವರ ಅಂದಾಜು.

2012ರಲ್ಲಿ ಲ್ಯಾಬ್‌ನವರೂ ಕೈಜೋಡಿಸಿದ್ರು. ಮರಿ ಬೆಳೆದ ನೀರಲ್ಲಿ ಹಗುರ ಹೈಡ್ರೋಜನ್, ಭಾರದ ಹೈಡ್ರೋಜನ್ ಎಷ್ಟೆಷ್ಟು ಅನ್ನೋ ಗುರುತು ರೆಕ್ಕೆಯಲ್ಲಿ ಹಾಗೇ ಉಳಿಯುತ್ತೆ, ಜಾಗದಿಂದ ಜಾಗಕ್ಕೆ ಅದು ಬೇರೆ. ಮಾಲ್ಡೀವ್ಸ್‌ನಲ್ಲಿ ಹಿಡಿದವುಗಳ ರೆಕ್ಕೆ ಪರೀಕ್ಷೆ ಮಾಡಿದ್ರೆ ಅವು ಉತ್ತರ ಭಾರತ ಅಥವಾ ಇನ್ನೂ ಆಚೆ ಹುಟ್ಟಿರಬೇಕು ಅಂತ ಬಂತು! ಅಂದ್ರೆ ನಮ್ಮ ಮೈದಾನದ ಮೇಲೆ ಹಾರೋವೂ ಎಲ್ಲಿಂದಲೋ ಎಲ್ಲಿಗೋ ಹೊರಟ ಪ್ರಯಾಣಿಕರಿರಬಹುದು.

ನನಗೆ ಬೇಜಾರಾಗೋದು ಇಲ್ಲೇ. ನಮ್ಮಲ್ಲಿ ಕ್ಯಾಮೆರಾ ಹಿಡಿದವರು ಬೇಕಾದಷ್ಟಿದಾರೆ, ಕಂಡ ಜೀವಿಗಳನ್ನ ದಾಖಲಿಸೋ ಐನ್ಯಾಚುರಲಿಸ್ಟ್ ಅನ್ನೋ ವೆಬ್‌ಸೈಟ್‌ಗೆ ಫೋಟೋ ಹಾಕೋರೂ ಜಾಸ್ತಿ ಆಗಿದಾರೆ, ತುಂಬಾ ಖುಷಿ, ಆದ್ರೆ ಅಪರೂಪದ್ದು ಸಿಕ್ಕಿದ್ರೆ ಮಾತ್ರ ಹಾಕೋದು, ದಿನಾ ಕಾಣೋದನ್ನ ಯಾರು ಹಾಕ್ತಾರೆ? ಈ ಕಥೆ ನಿಂತಿರೋದೇ ದಿನಾ ಕಾಣೋ ಹುಳದ ತಾರೀಖಿನ ಮೇಲೆ. ಒಂದೇ ಜಾಗದಲ್ಲಿ ಹತ್ತು ವರ್ಷ ನೋಡೋಕೆ ಯಾವ ಪ್ರಾಜೆಕ್ಟ್ ದುಡ್ಡು ಕೊಡುತ್ತೆ ಹೇಳಿ, ಅಲ್ಲೇ ಮನೆ ಇರೋರು ಮಾತ್ರ ಮಾಡಬಹುದಾದ ಕೆಲಸ ಅದು.

ವಾಪಸ್ ಬರೋ ದಾರಿ ಇನ್ನೂ ಮಸುಕು. ಮೇ-ಜೂನ್‌ನಲ್ಲಿ ನೈಋತ್ಯ ಗಾಳಿ ಹಿಡ್ಕೊಂಡು ಬರ್ತವೆ ಅನ್ನೋದು ಆಂಡರ್ಸನ್ ಊಹೆ. ಮಳೆಗಾಲದ ಮೀನುಗಾರಿಕೆ ನಿಷೇಧ ಅಂತ ಜೂನ್ ಒಂದರಿಂದ ನಮ್ಮ ಯಾಂತ್ರಿಕ ದೋಣಿಗಳೆಲ್ಲ ಬಂದರಲ್ಲೇ ನಿಂತಿರ್ತವೆ, ಕಡಲಲ್ಲಿ ನೋಡೋರು ಕಮ್ಮಿ. ಹಾಗಾಗಿ ಮಂಗಳೂರು, ಮಲ್ಪೆ, ಕಾರವಾರದವರು ದಡದಲ್ಲೇ ನಿಂತು ಕಂಡ ದಿನ, ಜಾಗ, ಗಾಳಿ ಯಾವ ಕಡೆಯಿಂದ, ಅಂದಾಜು ಎಷ್ಟಿದ್ವು ಅಂತ ಬರೀರಿ, ಒಂದೂ ಕಾಣದ ದಿನ "ಇಲ್ಲ" ಅಂತಾನೂ ಬರೀರಿ, ಅದೂ ಡೇಟಾನೇ.