ಕೆರೆಯ ಹೂಳಿನಲ್ಲಿ ಭಾರಲೋಹ: ಅಂಕಿಯಷ್ಟೇ ಸಾಲದು

ಕೆರೆಯ ನೀರಿನಲ್ಲಿ ಸೀಸ, ಕ್ಯಾಡ್ಮಿಯಂ ಮಿತಿಯೊಳಗಿವೆ ಎಂದು ವರದಿ ಬಂದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಹರಿದು ಬಂದ ಲೋಹದ ಬಹುಪಾಲು ಜೇಡಿಯ ಕಣ, ಕೊಳೆತ ಎಲೆ-ಪಾಚಿ, ಕಬ್ಬಿಣ ಮತ್ತು ಮ್ಯಾಂಗನೀಸ್ ಆಕ್ಸೈಡುಗಳಿಗೆ ಅಂಟಿಕೊಂಡು ತಳ ಸೇರಿಬಿಡುತ್ತದೆ. ಹುಡುಕಬೇಕಾದದ್ದು ಹೂಳಿನಲ್ಲಿ.

ಹೂಳಿನ ಪರೀಕ್ಷೆ ದಾರಿ ತಪ್ಪುವುದು ಸಣ್ಣಪುಟ್ಟ ಕಡೆಗಳಲ್ಲಿ. ನೀರು ಒಳಬರುವ ಕಡೆ ಮರಳು ಕೂರುತ್ತದೆ, ಆಳದಲ್ಲಿ ನುಣುಪು ಜೇಡಿ. ಲೋಹ ಹಿಡಿಯುವುದು ನುಣುಪು ಕಣ. ಹಾಗಾಗಿ ಆಳದಲ್ಲಿ ಸತು ಹೆಚ್ಚು ಸಿಕ್ಕರೆ ಮಾಲಿನ್ಯದ ಮೂಲ ಅಲ್ಲೇ ಇದೆ ಎನ್ನುವಂತಿಲ್ಲ. ಎಲ್ಲ ಮಾದರಿಗಳನ್ನೂ 63 ಮೈಕ್ರಾನ್ ಜರಡಿಯಲ್ಲಿ ಸೋಸಿ, ನುಣುಪು ಭಾಗವನ್ನಷ್ಟೇ ಹೋಲಿಸಬೇಕು. ಜರಡಿ ನೈಲಾನಿನದ್ದಾಗಿರಲಿ, ಹಿತ್ತಾಳೆಯದ್ದಾದರೆ ತಾಮ್ರ, ಸತು ಜರಡಿಯಿಂದಲೇ ಮಾದರಿಗೆ ಸೇರುತ್ತವೆ. ಡಬ್ಬಗಳನ್ನು ಶೇ 10ರ ನೈಟ್ರಿಕ್ ಆಮ್ಲದಲ್ಲಿ ನೆನೆಸಿ ತೊಳೆದಿರಬೇಕು. ಪಾದರಸ ಅಳೆಯುವುದಿದ್ದರೆ 105 ಡಿಗ್ರಿಯ ಓವನ್ ಬೇಡ, ಅದರಲ್ಲೊಂದಿಷ್ಟು ಆವಿಯಾಗಿ ಹೋಗುತ್ತದೆ. ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸುವುದೇ ಸರಿ.

ಲೋಹ ಅಳೆಯಲು ಹೂಳನ್ನು ಮೊದಲು ಆಮ್ಲದಲ್ಲಿ ಕರಗಿಸಬೇಕು. ಮೂರು ಪಾಲು ಹೈಡ್ರೋಕ್ಲೋರಿಕ್, ಒಂದು ಪಾಲು ನೈಟ್ರಿಕ್ ಆಮ್ಲದ ಮಿಶ್ರಣ ಸಿಲಿಕೇಟ್ ಹರಳಿನೊಳಗೆ ಬಂಧಿಯಾದ ಲೋಹವನ್ನು ಪೂರ್ತಿ ಕರಗಿಸುವುದಿಲ್ಲ. ಅದಕ್ಕೆ ಹೈಡ್ರೋಫ್ಲೋರಿಕ್ ಆಮ್ಲವೇ ಬೇಕು. ಈ ಎರಡು ವಿಧಾನಗಳ ಅಂಕಿಗಳನ್ನು ಒಂದೇ ಪಟ್ಟಿಯಲ್ಲಿಟ್ಟು ಹೋಲಿಸುವುದು ದೊಡ್ಡ ತಪ್ಪು.

ಸಿಹಿನೀರಿನ ಹೂಳಿಗೆ 2000ರಲ್ಲಿ ಪ್ರಕಟವಾದ, ಈಗಲೂ ಬಳಕೆಯಲ್ಲಿರುವ ಮಾನದಂಡದಂತೆ ಒಣ ಹೂಳಿನ ಪ್ರತಿ ಕಿಲೋಗೆ ಸೀಸ 35.8 ಮಿಲಿಗ್ರಾಮಿಗಿಂತ ಕಡಿಮೆಯಿದ್ದರೆ ತಳದ ಜೀವಿಗಳಿಗೆ ಹಾನಿಯ ಸಂಭವ ಕಡಿಮೆ, 128 ದಾಟಿದರೆ ಹಾನಿಯ ಸಂಭವ ಹೆಚ್ಚು. ಕ್ಯಾಡ್ಮಿಯಮ್ಮಿಗೆ ಈ ಗಡಿಗಳು 0.99 ಮತ್ತು 4.98. ನಡುವೆ ಬಿದ್ದ ಅಂಕಿ ತಾನಾಗಿ ಏನನ್ನೂ ಹೇಳದು. ಆ ಲೋಹ ಯಾವ ರೂಪದಲ್ಲಿದೆ ಎಂಬುದೇ ಅಲ್ಲಿ ಮುಖ್ಯ.

ಆಮ್ಲಜನಕ ತಲುಪದ ಕಪ್ಪು, ಕೊಳೆತ ಮೊಟ್ಟೆಯ ವಾಸನೆಯ ಕೆಸರಿನಲ್ಲಿ ಸೀಸ, ಸತು, ನಿಕ್ಕಲ್, ಕ್ಯಾಡ್ಮಿಯಂ ಗಂಧಕದೊಂದಿಗೆ ಬೆಸೆದು ಸಲ್ಫೈಡುಗಳಾಗಿ ಬಿಗಿಯಾಗಿ ಕೂತಿರುತ್ತವೆ. ಮೋಲ್ ಲೆಕ್ಕದಲ್ಲಿ, ಅಂದರೆ ತೂಕದಲ್ಲಲ್ಲದೆ ಕಣಗಳ ಎಣಿಕೆಯಲ್ಲಿ, ಸಲ್ಫೈಡಿನ ಪ್ರಮಾಣ ಈ ಲೋಹಗಳ ಒಟ್ಟು ಪ್ರಮಾಣಕ್ಕಿಂತ ಹೆಚ್ಚಿದ್ದರೆ ಅವು ಜೀವಿಗಳಿಗೆ ಅಷ್ಟಾಗಿ ಎಟುಕುವುದಿಲ್ಲ. ಅಂಥ ಕೆಸರಿನ ಮುದ್ದೆಯನ್ನು ತಟ್ಟೆಯಲ್ಲಿ ಬಿಟ್ಟು ನೋಡಿ: ಹೊರಮೈ ಕಂದಾಗುತ್ತಾ ಬರುತ್ತದೆ, ಸೀಳಿದರೆ ಒಳಗಿನ್ನೂ ಕಪ್ಪು. ಆ ಕಂದು ಬಣ್ಣವೆಂದರೆ ಸಲ್ಫೈಡು ಗಾಳಿಗೆ ಸಿಕ್ಕಿ ಒಡೆಯುತ್ತಿದೆ, ಹಿಡಿದಿಟ್ಟ ಲೋಹ ಸಡಿಲವಾಗುತ್ತಿದೆ ಎಂದರ್ಥ. ಸಲ್ಫೈಡಿನ ಅಳತೆಗೆ ಮಾದರಿಯನ್ನು ಗಾಳಿ ತಾಗದಂತೆ ಸಾರಜನಕದಡಿಯಲ್ಲೇ ಕತ್ತರಿಸಬೇಕಾದದ್ದು ಇದಕ್ಕೇ. ಪಾದರಸದ ದಾರಿ ಮಾತ್ರ ತಿರುವುಮುರುವು: ಆಮ್ಲಜನಕವಿಲ್ಲದ ಕಡೆಯೇ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವೆಂಬ ಹೆಚ್ಚು ವಿಷದ ರೂಪಕ್ಕೆ ತಿರುಗಿಸಿ ಮೀನಿನ ಮೈಗೆ ಸೇರಿಸುತ್ತವೆ.

ಇಷ್ಟು ತಿಳಿದ ಮೇಲೆ ಹೂಳೆತ್ತುವ ಕೆಲಸವನ್ನು ಬರಿಯ ಜೆಸಿಬಿಯ ಲೆಕ್ಕದಲ್ಲಿ ನೋಡಲಾಗದು. ಮೊದಲು ಕೊಳವೆ ಇಳಿಸಿ ಹೂಳಿನ ಕಂಬವನ್ನು ಇಡಿಯಾಗಿ ಎತ್ತಿ, ಪದರ ಪದರವಾಗಿ ಅಳೆಯಬೇಕು. ಸೀಸದ ವಿಕಿರಣಶೀಲ ರೂಪವಾದ ಸೀಸ-210ರ ಅರ್ಧಾಯು, ಅಂದರೆ ಅದು ಅರ್ಧಕ್ಕಿಳಿಯಲು ಬೇಕಾದ ಕಾಲ, ಸುಮಾರು 22 ವರ್ಷವಾದ್ದರಿಂದ ಸುಮಾರು ನೂರು ವರ್ಷಗಳ ಪದರಗಳಿಗೆ ವಯಸ್ಸು ಕಟ್ಟಬಹುದು. ಕೈಗಾರಿಕೆಗೂ ಹಿಂದಿನ ಅಡಿಪದರವೇ ಆ ಕೆರೆಯ ಸಹಜ ಮಟ್ಟ. ಕೊಳಕು ಪದರ ಕೆಳಗಿದ್ದು ಮೇಲೆ ಶುದ್ಧ ಹೂಳು ಕೂತಿದ್ದರೆ, ಅರ್ಧ ಅಗೆದು ನಿಲ್ಲಿಸುವುದೆಂದರೆ ಅತಿ ಕೆಟ್ಟ ಪದರವನ್ನೇ ನೀರಿಗೆ ತೆರೆದಂತೆ. ಎತ್ತಿದ್ದನ್ನು ದಡದಲ್ಲಿ ರಾಶಿ ಹಾಕಿದರೆ ಸಲ್ಫೈಡು ಒಡೆದು ಆಮ್ಲೀಯವಾದ ಬಸಿನೀರು ಲೋಹವನ್ನು ಹೊತ್ತು ಮತ್ತೆ ಕೆರೆಗೇ ಇಳಿಯುತ್ತದೆ. ಬಸಿನೀರನ್ನು ಬೇರೆ ಹೊಂಡದಲ್ಲಿ ಹಿಡಿದು ಸಂಸ್ಕರಿಸಿ. ಹೊಲಕ್ಕೆ ಹಾಕುವ ಮುನ್ನ ಕ್ಯಾಡ್ಮಿಯಂ ಪರೀಕ್ಷೆ ತಪ್ಪಿಸಬೇಡಿ. ಹುಳಿ ಮಣ್ಣಿನಲ್ಲಿ ಸೊಪ್ಪು ತರಕಾರಿ ಅದನ್ನು ಸುಲಭವಾಗಿ ಹೀರಿಕೊಳ್ಳುತ್ತದೆ.